ಎದುಮನೆಯಲ್ಲಿ ಕಲಿತ ಹಾಡು

ನನ್ನನ್ನು ಬಲ್ಲವರು ನನ್ನ ಬಗ್ಗೆ ಹೇಳುವ ಒಳ್ಳೆಯ ಮಾತು ಒಂದೇ: "ಜೋಗಿ ಬಹಳ ಸಮಾಧಾನದ ಮನುಷ್ಯ." ಬೇರೆ ಒಳ್ಳೆಯ ಮಾತುಗಳಿಗಾಗಿ ನಾನು ಬಹಳ ಕಾಲ ಕಾದೆ, ಬರಲಿಲ್ಲ. ಬುದ್ಧಿವಂತ ಎಂದು ಯಾರೂ ಅನ್ನಲಿಲ್ಲ. ನೋಡಲು ಲಕ್ಷಣವಾಗಿದ್ದಾನೆ ಎಂದು ನನ್ನ ಅತ್ತೆ ಒಮ್ಮೆ ಅಂದಿದ್ದರಂತೆ, ಅದೂ ಹೆಣ್ಣು ನೋಡುವ ದಿನ ನನ್ನ ಪಕ್ಕದಲ್ಲಿ ಕೂತಿದ್ದ ತಮ್ಮನನ್ನೇ ಮದುವೆ ಗಂಡು ಎಂದು ತಿಳಿದು. ಹೀಗಾಗಿ ಇರುವ ಒಂದೇ ಹೊಗಳಿಕೆಯನ್ನು ಮದುವೆ ಮನೆಗೆ ಉಡುವ ಪಂಚೆಯ ಹಾಗೆ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದೇನೆ. ಸಮಾಧಾನಕ್ಕೂ ಸೋಮಾರಿತನಕ್ಕೂ ಇರುವ ವ್ಯತ್ಯಾಸ ಹೊರಗಿನಿಂದ ನೋಡುವವರಿಗೆ ಗೊತ್ತಾಗುವುದಿಲ್ಲ, ಅದು ನನ್ನ ಪುಣ್ಯ. ಒಳಗಿನಿಂದ ನೋಡುವವರಿಗೆ, ಅಂದರೆ ನನ್ನ ಹೆಂಡತಿ ಗೌರಿಗೆ, ಚೆನ್ನಾಗಿ ಗೊತ್ತಾಗುತ್ತದೆ.

ನನ್ನ ಕೆಲಸವೂ ಸ್ವಭಾವಕ್ಕೆ ತಕ್ಕದ್ದೇ ಸಿಕ್ಕಿತು. ಊಟಿಯ ಹತ್ತಿರದ ಕೆತ್ತಿ ಕಣಿವೆಯ ಒಂದು ಟೀ ಫ್ಯಾಕ್ಟರಿಯಲ್ಲಿ ಎಲೆ ಬಾಡಿಸುವ ಅಟ್ಟಕ್ಕೆ ನಾನು ಮೇಲ್ವಿಚಾರಕ. ತೋಟದಿಂದ ಬಂದ ಹಸಿ ಎಲೆಯನ್ನು ಉದ್ದನೆಯ ತೊಟ್ಟಿಗಳ ಬಲೆಯ ಮೇಲೆ ಹರಡಿಸಿ, ಕೆಳಗಿನಿಂದ ಫ್ಯಾನಿನ ಗಾಳಿ ಬಿಟ್ಟು, ಅದು ಹದವಾಗಿ ಬಾಡುವ ತನಕ ಕಾಯಬೇಕು. ಅವಸರ ಮಾಡಿದರೆ ಎಲೆ ಕೆಡುತ್ತದೆ. ಅವಸರ ಮಾಡದೇ ಇರುವುದಕ್ಕೆ ಸಂಬಳ ಕೊಡುವ ಜಾಗ ಪ್ರಪಂಚದಲ್ಲಿ ಇನ್ನೆಲ್ಲಿದೆಯೋ ನನಗೆ ಗೊತ್ತಿಲ್ಲ. ನಾನು ಅಲ್ಲಿ ಸುಖವಾಗಿದ್ದೆ. ಆದರೆ ನನಗೊಂದು ಗಿಟಾರಿನ ಹುಚ್ಚಿತ್ತು. ಮೈಸೂರಿನಲ್ಲಿ ಓದುವಾಗ ಎರಡು ವಿದ್ಯೆ ಅಂಟಿದ್ದವು, ಒಂದು ನಾನೀಗ ಬರೆಯುತ್ತಿರುವ ಈ ಕನ್ನಡ, ಇನ್ನೊಂದು ಗಿಟಾರು. ಮೊದಲನೆಯದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ತೊಂಬತ್ತರ ದಶಕದ ನಡುವೆ ಊಟಿಯ ಒಂದು ಹೋಟೆಲಿನ ಬಾರಿನಲ್ಲಿ ನಾವು ಮೂವರು ಶನಿವಾರ ಸಂಜೆ ಇಂಗ್ಲಿಷ್ ಹಾಡು ನುಡಿಸಲು ಶುರುಮಾಡಿದೆವು. ಸ್ವಂತ ಹಾಡಲ್ಲ. ಯಾರೋ ಎಲ್ಲೋ ಹಾಡಿ ಹೆಸರು ಮಾಡಿದ್ದನ್ನು ನಾವು ಇಲ್ಲಿ ಹಾಡುವುದು. ನಮ್ಮ ವಂಶದಲ್ಲಿ ಯಾರೂ ಬಾರಿನ ಬಾಗಿಲು ತುಳಿದವರಲ್ಲ, ನಾನೂ ತುಳಿಯಲಿಲ್ಲ. ನಮಗೆ ಹಿತ್ತಲ ಕಡೆಯಿಂದ, ಅಡುಗೆಮನೆಯ ಮೂಲಕ ದಾರಿಯಿತ್ತು. ಇದನ್ನು ಹಟ್ಟಿಯ ಹಿರಿಯರಿಗೆ ಹೇಳಿ ಸ್ವಲ್ಪ ಸಮಾಧಾನ ಮಾಡಿದ್ದೆ. ನಮ್ಮ ಕಡೆ ಊರಿಗೆ ಹಟ್ಟಿ ಎನ್ನುತ್ತಾರೆ, ಹಟ್ಟಿಯಲ್ಲಿ ಯಾರ ಮನೆಯ ಸಾರು ಕುದಿಯುತ್ತಿದೆ ಎಂಬುದೂ ಎಲ್ಲರಿಗೂ ಗೊತ್ತಿರುತ್ತದೆ, ಇನ್ನು ಗಿಟಾರನ್ನು ಮುಚ್ಚಿಡುವುದು ಆಗುವ ಮಾತಲ್ಲ. ಅದನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಿಂತಾಗಲೆಲ್ಲ ಯಾರಾದರೂ ಒಬ್ಬರು, "ಏನ ಜೋಗಿ, ಔಷಧಿ ಹೊಡೆಯೋಕೆ ಹೊರಟ್ಯಾ?" ಎಂದು ಕೇಳುತ್ತಿದ್ದರು. ತೋಟಕ್ಕೆ ಔಷಧಿ ಹೊಡೆಯುವ ಯಂತ್ರವನ್ನೂ ಹೆಗಲಿಗೇ ಹಾಕುತ್ತಾರೆ. ನಾನು ಹೌದು ಎನ್ನುತ್ತಿದ್ದೆ.

ಉಳಿದಿಬ್ಬರ ಪರಿಚಯ ಮಾಡಿಕೊಡಬೇಕು. ಡ್ರಮ್ ಬಾರಿಸುವವನು ನಂಜನಾಡಿನ ಭೋಜ. ಕ್ಯಾರೆಟ್ಟು, ಆಲೂಗಡ್ಡೆ ಬೆಳೆಯುವವನು. ನಮ್ಮ ಮದುವೆಗಳಲ್ಲಿ, ಹಬ್ಬಗಳಲ್ಲಿ ಗಂಡಸರು ಸುತ್ತುಗಟ್ಟಿ ಕುಣಿಯುವ ಆಟಕ್ಕೆ ಬಾರಿಸಿ ಬಾರಿಸಿ ಕೈ ಪಳಗಿತ್ತು. ಎಷ್ಟು ತೊಳೆದರೂ ಉಗುರಿನಲ್ಲಿ ಕೆಂಪು ಮಣ್ಣು ಉಳಿಯುತ್ತಿತ್ತು. ಕೀಬೋರ್ಡ್ ನುಡಿಸುವವನು ಸ್ಟೀಫನ್, ಚರ್ಚಿನಲ್ಲಿ ಆರ್ಗನ್ ನುಡಿಸುವ ತಮಿಳು ಹುಡುಗ, ಬಹಳ ದೈವಭಕ್ತ. ಬಾರಿನಲ್ಲಿ ಮೊದಲನೆಯ ಹಾಡಿಗೆ ಮುಂಚೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದ, ಕುಡಿಯುವವರೂ ಅದನ್ನು ನೋಡಿ ಗ್ಲಾಸು ಕೆಳಗಿಡುತ್ತಿದ್ದರು. ಅವನ ಅಣ್ಣ ಹಡಗಿನಲ್ಲಿ ಕೆಲಸ ಮಾಡಿ ಬಂದಾಗ ಒಂದು ರಟ್ಟಿನ ಡಬ್ಬದ ತುಂಬ ಇಂಗ್ಲಿಷ್ ಕ್ಯಾಸೆಟ್ಟು ತಂದಿದ್ದ. ನಮ್ಮ ಸಂಗೀತವೆಲ್ಲ ಆ ಡಬ್ಬದೊಳಗೆ ಇತ್ತು. ಆ ಹಾಡುಗಳು ನಮ್ಮ ಕಿವಿಗೆ ಬೇರೆಲ್ಲೂ ಬೀಳುತ್ತಿರಲಿಲ್ಲ. ಬಸ್ಸಿನಲ್ಲಿ ತಮಿಳು ಸಿನಿಮಾ ಹಾಡು, ಗೂಡಲೂರಿನ ಕಡೆ ಹೋದರೆ ಮಲಯಾಳದ್ದು, ಟೀ ಅಂಗಡಿಯಲ್ಲಿ ದೇವರದ್ದು. ನಮ್ಮ ತಂಡದ ಹೆಸರಿನ ಕೊನೆಯಲ್ಲಿ 'ಬಾಯ್ಸ್' ಎಂಬ ಪದವಿತ್ತು. ಇಟ್ಟವರು ಬಾರಿನ ಮ್ಯಾನೇಜರು. ನನಗೆ ಆಗಲೇ ಶಾಲೆಗೆ ಹೋಗುವ ಮಗಳು ಮಣಿ ಇದ್ದಳು.

ಕ್ಯಾಸೆಟ್ಟು ಸ್ಟೀಫನ್ನನದಾದರೆ ಟೇಪ್ ರೆಕಾರ್ಡರು ನಮ್ಮ ಮನೆಯದು. ನಿಜ ಹೇಳಬೇಕೆಂದರೆ ಗೌರಿಯದು. ಇತ್ತಲಾರಿನ ನನ್ನ ಮಾವ ಮಗಳ ಮದುವೆಗೆ ಕೊಟ್ಟದ್ದು. ಅವಳು ಅದನ್ನು 'ಹಾಡುಪೆಟ್ಟಿ' ಎನ್ನುತ್ತಿದ್ದಳು. ಅಡುಗೆಮನೆಯಲ್ಲಿ ಒಲೆಯ ಪಕ್ಕದ ಹಲಗೆಯ ಮೇಲೆ ಇಟ್ಟು ನಮ್ಮ ಮನೆಮಾತಾದ ಬಡಗು ಹಾಡುಗಳನ್ನು ಹಾಕಿಕೊಂಡು ಕೆಲಸ ಮಾಡುತ್ತಿದ್ದಳು. ನಾವು ಮೊದಲನೆಯ ದಿನ ಹಾಡು ಕಲಿಯಲು ಕೂತದ್ದೂ ಅಲ್ಲಿಯೇ. ಡಿಸೆಂಬರಿನ ಚಳಿ, ಹೊರಗೆ ಹುಲ್ಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು, ಒಲೆ ಬಿಟ್ಟು ಏಳಲು ಯಾರಿಗೂ ಮನಸ್ಸಿರಲಿಲ್ಲ. ಆ ದಿನ ನಾವು ಏನು ನುಡಿಸಿದೆವು ಎಂಬುದು ನನಗೆ ಸರಿಯಾಗಿ ನೆನಪಿಲ್ಲ. ಕ್ಯಾಸೆಟ್ಟಿನವನು ಮುಂದೆ ಮುಂದೆ ಓಡುತ್ತಿದ್ದ, ನಾವು ಬಸ್ಸು ತಪ್ಪಿಸಿಕೊಂಡವರ ಹಾಗೆ ಹಿಂದೆ ಓಡುತ್ತಿದ್ದೆವು, ಅಷ್ಟು ನೆನಪಿದೆ. ಮೊದಲ ದಿನ ಎಲ್ಲರಿಗೂ ಹಾಗೆಯೇ ಎಂದು ಸ್ಟೀಫನ್ ಧೈರ್ಯ ಹೇಳಿದ. ಗೌರಿ ರಾಗಿ ಹಿಟ್ಟು ತಿರುವುತ್ತಾ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಸೌಟು ಕೆಳಗಿಟ್ಟು, "ಹೊಗೆ ಹತ್ತಿದ್ರೆ ಪೆಟ್ಟಿ ಕೆಟ್ಟೋಗುತ್ತೆ. ಮೂರು ಜನವೂ ಎದುಮನೆಗೆ ಹೋಗಿ," ಎಂದಳು. ಎದುಮನೆ ಎಂದರೆ ನಮ್ಮ ಮನೆಗಳ ಮುಂದಿನ ಕೋಣೆ. ಬಾಗಿಲ ಸಂದಿಯಿಂದ ಕಣಿವೆಯ ಗಾಳಿಯೆಲ್ಲ ಅಲ್ಲಿಗೇ ಬರುತ್ತದೆ. ಇಷ್ಟು ವರ್ಷ ಒಲೆಯ ಪಕ್ಕದಲ್ಲೇ ಇದ್ದ ಪೆಟ್ಟಿಗೆಗೆ ಆ ದಿನವೇ ಹೊಗೆ ಹತ್ತುವುದು ಹೇಗೆ ಎಂದು ನಾನು ಕೇಳಲಿಲ್ಲ. ನಾನು ಸಮಾಧಾನದ ಮನುಷ್ಯ.

ಎದುಮನೆಗೆ ಹೋದ ಮೇಲೆ ನಮ್ಮ ವಿದ್ಯೆ ಕುದುರಿತು. ಕ್ಯಾಸೆಟ್ಟಿನವನೂ ನಮ್ಮ ಜೊತೆಗೇ ಹೆಜ್ಜೆ ಹಾಕತೊಡಗಿದ. ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ, ತಗ್ಗಿದ ದನಿಯಲ್ಲಿ ಹಾಡುತ್ತಿದ್ದ. ನನ್ನದೂ ತಗ್ಗಿದ ದನಿಯೇ, ನನಗಾಗಿಯೇ ಬರೆದ ಹಾಡುಗಳೇನೋ ಅನ್ನಿಸಿತು. ಒಂದೇ ತೊಡಕೆಂದರೆ ಸ್ಟೀಫನ್ನನ ಕೀಬೋರ್ಡು ಕ್ಯಾಸೆಟ್ಟಿನ ಶ್ರುತಿಗೆ ಸೇರುತ್ತಿರಲಿಲ್ಲ. ಅವನು ಬಹಳ ಯೋಚನೆ ಮಾಡಿ, "ಅದು ಫಾರಿನ್ ಚಳಿಗೆ ಟ್ಯೂನ್ ಮಾಡಿ ಕಳಿಸಿದ್ದು ಅಣ್ಣೇ. ನಮ್ಮ ಚಳಿ ಬೇರೆ," ಎಂದು ತೀರ್ಮಾನ ಹೇಳಿ, ಬಟನ್ ಒತ್ತಿ ಒತ್ತಿ ಕೆಳಗಿಳಿಸಿದ. ನಾನು ಗಿಟಾರಿನ ತಂತಿ ಸಡಿಲ ಮಾಡಿದೆ. ಎಲ್ಲ ಸರಿಹೋಯಿತು. ನಮ್ಮ ಬಳಿ ಒಂದು ಹಾಡಿತ್ತು, ಜನ ಯಾವಾಗಲೂ ಕೇಳುತ್ತಿದ್ದದ್ದು, ನದಿಯ ದಂಡೆಗೆ ಹೋಗುವ ವಿಷಯ ಅದರಲ್ಲಿ ಬರುತ್ತದೆ. ಅದರ ನಡೆ ಕೇಳಿ ನಾವು ಅದು ಯಾರೋ ಸತ್ತಾಗ ಹಾಡಿದ್ದು ಎಂದು ತಿಳಿದಿದ್ದೆವು. ಹಾಗಾಗಿ ಅದನ್ನು ಹಾಡುವಾಗ ನಾನು ಕಣ್ಣು ಮುಚ್ಚುತ್ತಿದ್ದೆ. ಭೋಜ ತನ್ನ ತೀರಿಹೋದ ಅಜ್ಜಿಯನ್ನು ನೆನೆಸಿಕೊಳ್ಳುತ್ತಿದ್ದ.

ಇಷ್ಟರಲ್ಲಿ ಓದುವವರಿಗೆ ವಿಷಯ ಗೊತ್ತಾಗಿರುತ್ತದೆ. ನಮಗೆ ಗೊತ್ತಾಗಲು ವರ್ಷಗಳೇ ಬೇಕಾದವು. ಎದುಮನೆಯ ಚಳಿಗೆ ಆ ಪೆಟ್ಟಿಗೆಯೊಳಗಿನ ಗ್ರೀಸು ಗಟ್ಟಿಯಾಗಿ, ಮೋಟಾರು ತಿರುಗಲಾರದೆ ತಿರುಗುತ್ತಿತ್ತು. ಹಾಡು ಇರಬೇಕಾದ್ದಕ್ಕಿಂತ ಬಹಳ ನಿಧಾನವಾಗಿ, ಇಷ್ಟಿಷ್ಟು ತಗ್ಗಿ ಬರುತ್ತಿತ್ತು. ಆ ನಡಿಗೆಯನ್ನೇ ನಾವು ಚಾಚೂ ತಪ್ಪದೆ ಕಲಿತು, ಊಟಿಗೆ ಒಯ್ದು, ಬಾರಿನ ಜನಕ್ಕೂ ಕಲಿಸಿದ್ದೆವು. ಪ್ರವಾಸಿಗಳಿಗೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಊಟಿಗೆ ಬಂದವರು ಮಂಕಿ ಕ್ಯಾಪ್ ಹಾಕಿಕೊಂಡು ಕೂತಿರುತ್ತಾರೆ, ಅರ್ಧ ಹಾಡು ಅದರಲ್ಲೇ ನಿಲ್ಲುತ್ತದೆ, ಇನ್ನರ್ಧ ಗ್ಲಾಸಿನಲ್ಲಿ ಮುಳುಗುತ್ತದೆ. ಒಮ್ಮೆ ಮಾತ್ರ ಬೆಂಗಳೂರಿನ ಒಬ್ಬ ತರುಣ ಬಂದು, "ಇದು ನಿಮ್ಮದೇ ಅರೇಂಜ್‌ಮೆಂಟಾ?" ಎಂದು ಕೇಳಿದ. ಕುರ್ಚಿ ಮೇಜಿನ ವಿಷಯ ಇರಬೇಕೆಂದು, "ಇಲ್ಲ, ಮ್ಯಾನೇಜರದ್ದು," ಎಂದೆ. ಅವನು ಹೋಗಿ ಮ್ಯಾನೇಜರ ಕೈ ಕುಲುಕಿದ.

ಆ ಶನಿವಾರಗಳನ್ನು ನಾನು ಎಷ್ಟು ಪ್ರೀತಿಸಿದೆ ಎಂದು ಹೇಳಿದರೆ ನಗಬೇಡಿ. ವಾರವೆಲ್ಲ ಎಲೆಯ ವಾಸನೆ, ಫ್ಯಾನಿನ ಶಬ್ದ. ಶನಿವಾರ ಸಂಜೆ ಮಾತ್ರ ಇಸ್ತ್ರಿ ಮಾಡಿದ ಅಂಗಿ, ಬೆಂಕಿಗೂಡಿನ ಬಿಸಿ, ಗೋಡೆಯ ಮೇಲೆ ಒಂದು ಕಾಟಿಯ, ಅಂದರೆ ಕಾಡುಕೋಣದ ತಲೆ, ಅದರ ಕೆಳಗೆ ನಾನು. ಬೆಂಕಿಗೂಡಿನ ಪಕ್ಕದ ಮೇಜಿಗೆ ಪ್ರತಿ ಶನಿವಾರ ಬರುವ ಇಬ್ಬರಿದ್ದರು. ಎಸ್ಟೇಟೊಂದರಲ್ಲಿ ಟೀ ತಯಾರಿಕೆ ನೋಡಿಕೊಳ್ಳುವ ಟೀಮೇಕರ್ ಆಗಿದ್ದು ನಿವೃತ್ತರಾದ ಪಿಂಟೋ ಮತ್ತು ಅವರ ಹೆಂಡತಿ. ಪಿಂಟೋ ಅವರ ಒಂದು ಕಾಲು ಜೀಪಿನ ಅಪಘಾತದಲ್ಲಿ ಜಖಂ ಆಗಿ, ಊರುಗೋಲು ಹಿಡಿದು ಬರುತ್ತಿದ್ದರು. ಆ ನದಿ ದಂಡೆಯ ಹಾಡು ಶುರುವಾದರೆ ಊರುಗೋಲನ್ನು ಕುರ್ಚಿಗೆ ಒರಗಿಸಿ ಏಳುತ್ತಿದ್ದರು. ಮಿಸೆಸ್ ಪಿಂಟೋ ಗಂಡನ ಭುಜ ಹಿಡಿಯುತ್ತಿದ್ದರು. ಇಬ್ಬರೂ ಬೆಂಕಿಯ ಮುಂದೆ ನಿಧಾನವಾಗಿ ಹೆಜ್ಜೆ ಹಾಕಿ, ಒಂದು ಸುತ್ತು ತಿರುಗಿ, ನಿಂತು, ಮತ್ತೆ ತಿರುಗುತ್ತಿದ್ದರು. ನಮ್ಮಲ್ಲಿ ಗಂಡಸರ ಕುಣಿತ ಬೇರೆ, ಹೆಂಗಸರದ್ದು ಬೇರೆ. ಗಂಡ ಹೆಂಡತಿ ಕೈ ಹಿಡಿದು ಕುಣಿಯುವುದನ್ನು ನೋಡುವುದಕ್ಕೆ ಭೋಜನಿಗೆ ಮೊದಮೊದಲು ನಾಚಿಕೆಯಾಗಿ ಡ್ರಮ್ಮನ್ನೇ ನೋಡಿಕೊಂಡು ಬಾರಿಸುತ್ತಿದ್ದ. ಆಮೇಲೆ ಅವನೇ, "ಜೋಗಣ್ಣ, ಇವತ್ತು ತಾತ ಬಂದಿಲ್ಲೆ ಏಕ?" ಎಂದು ಬಾಗಿಲು ನೋಡುವಷ್ಟು ಆಯಿತು.

ಮ್ಯಾನೇಜರು ಗೂಡಲೂರು ಕಡೆಯ ಕುರುಪ್. ಹೊಸ ಶತಮಾನ ಬಂತು, ಬಾರಿಗೂ ಏನಾದರೂ ಹೊಸದು ಬೇಕೆಂದು ಒಂದು ಸಿ.ಡಿ. ಪ್ಲೇಯರು ತಂದರು. ಒಂದು ಶನಿವಾರ ನಾವು ವೈರು ಜೋಡಿಸುತ್ತಿರುವಾಗ ಅದನ್ನು ಹಾಕಿದರು. ನಮ್ಮದೇ ನದಿ ದಂಡೆಯ ಹಾಡು ಬಂತು. ಬಂತು ಎನ್ನುವುದಕ್ಕಿಂತ ಓಡಿ ಹೋಯಿತು ಎನ್ನಬೇಕು. ಹಾಡುವವನು ಕೀರಲು ದನಿಯಲ್ಲಿ ಖುಷಿಯಾಗಿ ಕುಣಿಯುತ್ತಿದ್ದ. ಮಾಣಿಗಳು ಟ್ರೇ ಹಿಡಿದು ನಿಂತುಬಿಟ್ಟರು. ಕುರುಪ್ ಕೌಂಟರಿನಿಂದ ಓಡಿ ಬಂದು ಬಟನ್ ಒತ್ತಿ ನಿಲ್ಲಿಸಿದರು. "ಮಿಷಿನ್ ಕೇಡಾಯಿ," ಎಂದರು, ಹೊಸ ಮಿಷಿನ್ನಿಗೆ ಹೀಗಾಯಿತಲ್ಲ ಎಂದು ಅವರ ಮುಖ ಸಣ್ಣದಾಗಿತ್ತು. ನಾವೂ ಅವರ ದುಃಖದಲ್ಲಿ ಭಾಗಿಯಾದೆವು. ಕುನ್ನೂರಿನಿಂದ ಮೆಕ್ಯಾನಿಕ್ಕನ್ನು ಕರೆಸಲಾಯಿತು. ಅವನು ಬಿಚ್ಚಿದ, ಊದಿದ, ಮುಚ್ಚಿದ, ಬೇರೆ ಬೇರೆ ಸಿ.ಡಿ. ಹಾಕಿ ಕೇಳಿದ. "ಮಿಷಿನ್ ಸರಿಯಾ ಇರ್ಕು ಸಾರ್," ಎಂದು ಹೇಳಿ, ಯಾಕೆ ಕರೆಸಿದರೋ ಎಂಬಂತೆ ನೋಡಿ ಹೋದ.

ಕುರುಪ್ ಸ್ವಲ್ಪ ಹೊತ್ತು ಸಿ.ಡಿ. ಪ್ಲೇಯರನ್ನು ನೋಡಿದರು. ಆಮೇಲೆ ನಿಧಾನವಾಗಿ ತಿರುಗಿ ನಮ್ಮನ್ನು ನೋಡಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಎಂದಾ ಜೋಗಿ ಇದು?" ಎಂದರು. ಭೋಜ, "ಅವನಿಗೆ ಏನೋ ಅವಸರದ ಕೆಲಸ ಇರಬೇಕು ಸಾರ್, ಮುಗಿಸಿ ಓಡಿದ್ದಾನೆ," ಎಂದ. ಕುರುಪ್ ನಗಲಿಲ್ಲ. "ಸೀಸನ್ ಬರುತ್ತೆ. ಮದ್ರಾಸು, ಬೆಂಗಳೂರಿನ ಜನ ಬರುತ್ತಾರೆ. ಈಗ ಅವರ ಕಾರಿನಲ್ಲೇ ಸಿ.ಡಿ. ಇದೆ. ಸೀಸನ್ ಶುರುವಾಗೋ ಮೊದಲು ಸರಿಯಾದ ಸ್ಪೀಡಿಗೆ ಕಲಿತು ಬನ್ನಿ. ಇಲ್ಲದಿದ್ದರೆ ಶನಿವಾರವೂ ಸಿ.ಡಿ.ಯೇ ಹಾಡುತ್ತೆ. ಅದು ಊಟ ಕೇಳೋದಿಲ್ಲ," ಎಂದರು. ಆ ಮಾತು ನನ್ನ ಎದೆಗೆ ನಾಟಿತು. ಊಟದ ವಿಷಯ ಅಲ್ಲ, ಶನಿವಾರದ್ದು. ಆ ಅಂಗಿ, ಆ ಬೆಂಕಿ, ಆ ಕಾಟಿಯ ತಲೆ ಇಲ್ಲದ ವಾರ ಹೇಗಿರುತ್ತದೆ ಎಂದು ಬಸ್ಸಿನಲ್ಲಿ ಬರುವಾಗ ಊಹಿಸಲು ನೋಡಿದೆ. ಭಾನುವಾರದಿಂದ ಮುಂದಿನ ಭಾನುವಾರದ ತನಕ ಬರೀ ಎಲೆ ಬಾಡುತ್ತಿತ್ತು.

ಸರಿ, ಕಲಿಯಲು ಹೊರಟೆವು. ಕುರುಪ್ ಅವರ ಸಿ.ಡಿ.ಯಿಂದ ಹೊಸ ಕ್ಯಾಸೆಟ್ಟಿಗೆ ಹಾಡು ತುಂಬಿಸಿ, ಸ್ಟೀಫನ್ನನ ಚರ್ಚಿನವರ ಹೊಸ ಪ್ಲೇಯರಿನಲ್ಲಿ ಕೇಳಿದೆವು. ಅದೇ ಕ್ಯಾಸೆಟ್ಟು ಎದುಮನೆಯ ಪೆಟ್ಟಿಗೆಯಲ್ಲಿ ಮತ್ತೆ ನಿಧಾನವಾದಾಗ ಅದರೊಳಗಿನ ಗ್ರೀಸಿನ ಕಥೆ ಬಯಲಾಯಿತು. ಆಗ ತಿಳಿದದ್ದು, ನದಿ ದಂಡೆಯ ಹಾಡಿನಲ್ಲಿ ಯಾರೂ ಸತ್ತಿರಲಿಲ್ಲ. ಅದು ಬುತ್ತಿ ಕಟ್ಟಿಕೊಂಡು ಗೆಳೆಯರು ಹೊಳೆಯ ಕಡೆ ತಿರುಗಾಡಲು ಹೊರಟ ಹಾಡು. ಭೋಜನಿಗೆ ಬಹಳ ಬೇಸರವಾಯಿತು. ಇಷ್ಟು ವರ್ಷ ಅಜ್ಜಿಯನ್ನು ನೆನೆದದ್ದು ವ್ಯರ್ಥವಾಯಿತಲ್ಲ ಎಂದ. ನನ್ನ ಕಷ್ಟ ಬೇರೆ. ಒಂದು ಉಸಿರಿಗೆ ಒಂದು ಸಾಲಿದ್ದದ್ದು ಈಗ ಎರಡು ಸಾಲಾಗಿತ್ತು. ದನಿ ಬೇರೆ ಮೇಲೆ ಹೋಗಬೇಕು. ಶುಂಠಿ ಜಗಿದೆ, ಮೆಣಸಿನ ಕಷಾಯ ಕುಡಿದೆ, ಕಂಬಳಿ ಸುತ್ತಿಕೊಂಡು ಗಂಟಲು ಬೆಚ್ಚಗಿಟ್ಟುಕೊಂಡೆ. ಫ್ಯಾಕ್ಟರಿಯ ಅಟ್ಟದಲ್ಲಿ ಫ್ಯಾನಿನ ಶಬ್ದದ ಮರೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಎಲೆ ಹರಡುವ ಹೆಂಗಸರು ಕೆಳಗೆ ಹೋಗಿ, ಜೋಗಣ್ಣನಿಗೆ ಉಬ್ಬಸ ಬಂದಿದೆ ಎಂದು ಹೇಳಿದರು. ಫ್ಯಾಕ್ಟರಿಯ ಯಜಮಾನರು ರಜೆ ತೆಗೆದುಕೋ ಎಂದರು. ಮನೆಯಲ್ಲಿ ಗೌರಿ ನನ್ನ ಪಾಡನ್ನು ನೋಡುತ್ತಿದ್ದಳು. ಒಂದು ದಿನ, "ಹೇಗೆ ಹಾಡುತ್ತಿದ್ದಿರಿ, ಎಷ್ಟು ಚೆನ್ನಾಗಿತ್ತು. ಈಗ ಏಕ ಹೀಗೆ ಅಟ್ಟಿಸಿಕೊಂಡು ಓಡುವುದು?" ಎಂದಳು. ಸಂಗೀತದ ವಿಷಯ ಹೆಂಗಸರಿಗೆ ತಿಳಿಯುವುದಿಲ್ಲ ಎಂಬ ಅರ್ಥ ಬರುವಂತೆ ನಾನು ನಕ್ಕೆ. ಆ ನಗುವನ್ನು ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಸೀಸನ್ನಿನ ಮೊದಲ ಶನಿವಾರ ಬಂತು. ಬಾರು ತುಂಬಿತ್ತು. ಸ್ಟೀಫನ್ ಆ ದಿನ ಶಿಲುಬೆಯ ಗುರುತನ್ನು ಎರಡು ಸಲ ಹಾಕಿಕೊಂಡ. ಮೊದಲ ಹಾಡುಗಳು ಹೇಗೋ ದಾಟಿದವು. ಹೊಸಬರು ಕಾಲು ತಟ್ಟಿದರು, ಒಂದು ಮೇಜಿನವರು ಚಪ್ಪಾಳೆಯನ್ನೂ ಹೊಡೆದರು. ಕೌಂಟರಿನಲ್ಲಿ ಕುರುಪ್ ಅವರ ಮೀಸೆ ಸ್ವಲ್ಪ ಸಡಿಲವಾಯಿತು. ಶನಿವಾರ ಉಳಿಯಿತು ಅಂದುಕೊಂಡೆ. ಆಮೇಲೆ ನದಿ ದಂಡೆಯ ಹಾಡು ಶುರುಮಾಡಿದೆವು. ಪಿಂಟೋ ಯಾವಾಗಿನಂತೆ ಊರುಗೋಲನ್ನು ಒರಗಿಸಿ ಎದ್ದರು. ಮಿಸೆಸ್ ಪಿಂಟೋ ಭುಜ ಹಿಡಿದರು. ಇಬ್ಬರೂ ಬೆಂಕಿಯ ಮುಂದೆ ಬಂದು ನಿಂತರು. ಓಡುತ್ತಿರುವ ಬಸ್ಸಿಗೆ ಹತ್ತಲು ನಿಂತವರ ಹಾಗೆ ಅವರು ಒಂದು ಕಾಲನ್ನು ಮುಂದೆ ಇಟ್ಟು ಹಿಂದೆ ತೆಗೆದರು, ಮತ್ತೆ ಇಟ್ಟರು, ಮತ್ತೆ ತೆಗೆದರು. ಹಾಡು ಅವರನ್ನು ಬಿಟ್ಟು ಹೋಗುತ್ತಲೇ ಇತ್ತು. ಮಿಸೆಸ್ ಪಿಂಟೋ ಗಂಡನ ಬೆನ್ನು ತಟ್ಟಿ ಏನೋ ಅಂದರು. ಇಬ್ಬರೂ ನಗುತ್ತಲೇ ಮೇಜಿನ ಕಡೆ ತಿರುಗಿದರು.

ಆಗ ನಾನೇನಾದರೂ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ಬಹಳ ಆಸೆ. ಮಾಡಿದವನು ಭೋಜ. ಅವನು ಅವರನ್ನೇ ನೋಡುತ್ತಿದ್ದ. ಅವನ ಕೈ ಯಾರನ್ನೂ ಕೇಳದೆ ಹಳೆಯ ನಡೆಗೆ ಇಳಿಯಿತು. ಡ್ರಮ್ಮು ಇಳಿದರೆ ಮಿಕ್ಕವರು ಮೇಲೆ ನಿಂತು ಮಾಡುವುದೇನು, ಸ್ಟೀಫನ್ ಇಳಿದ, ನಾನೂ ಇಳಿದೆ. ಶ್ರುತಿ ಮಾತ್ರ ಹೊಸದೇ ಇದ್ದುದರಿಂದ ನನ್ನ ದನಿ ಮರದ ಮೇಲೆ ಸಿಕ್ಕಿಕೊಂಡ ಗಾಳಿಪಟದಂತೆ ಅಲ್ಲೇ ಒದ್ದಾಡುತ್ತಿತ್ತು, ಆದರೆ ನಿಧಾನವಾಗಿ ಒದ್ದಾಡುತ್ತಿತ್ತು. ಪಿಂಟೋ ಕುರ್ಚಿಯಲ್ಲಿ ಅರ್ಧ ಕೂತವರು ಎದ್ದರು. ಅವರು ತಿರುಗಲು ಶುರುಮಾಡಿದ ಮೇಲೆ ಬಾರಿನ ಗದ್ದಲ ತಾನಾಗಿ ಇಳಿಯಿತು. ಕಾಲು ತಟ್ಟುತ್ತಿದ್ದ ಮೇಜಿನವರಲ್ಲಿ ಒಬ್ಬಾತ ಮಂಕಿ ಕ್ಯಾಪ್ ತೆಗೆದು, ಹೆಂಡತಿಯ ಕಡೆ ಕೈ ಚಾಚಿದ. ಅವಳು ಅವನನ್ನು ಹುಚ್ಚನೇನೋ ಎಂಬಂತೆ ನೋಡಿ, ಕೊನೆಗೆ ಎದ್ದಳು. ಕುರುಪ್ ಕೈಕಟ್ಟಿ ನೋಡುತ್ತಿದ್ದರು. ಹಾಡು ಮುಗಿದ ಮೇಲೆ ಹತ್ತಿರ ಬಂದು, "ಶರಿ. ಶನಿವಾರ ನಿಮ್ಮದು. ಬಾಕಿ ದಿವಸ ಸಿ.ಡಿ.," ಎಂದಷ್ಟೇ ಹೇಳಿ ಹೋದರು.

ಬಿಡುವಿನಲ್ಲಿ ಪಿಂಟೋ ನಮ್ಮನ್ನು ಮೇಜಿಗೆ ಕರೆದರು. ಎಸ್ಟೇಟಿನಲ್ಲಿ ಬಾಳಿದವರಿಗೆ ಎಲ್ಲ ಭಾಷೆಯೂ ಅರ್ಧರ್ಧ ಬರುತ್ತದೆ, ಎಲ್ಲವನ್ನೂ ಕೂಡಿಸಿ ಒಂದು ಪೂರ್ತಿ ಮಾತು ಮಾಡುತ್ತಾರೆ. "ಜೋಗಿ, ಇವತ್ತು ನಮ್ಮ ಮೇಲೆ ಏನೋ ಕೋಪ ಅಂದುಕೊಂಡೆ," ಎಂದರು. ನಾನು ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಅವರೇ ಮುಂದುವರಿಸಿದರು. "ಈ ಹಾಡಿನ ರೆಕಾರ್ಡು ನಮ್ಮ ಮನೆಯಲ್ಲಿ ಇದೆ. ಮದುವೆಯಾದ ಹೊಸದರಲ್ಲಿ ಇವಳ ಜೊತೆ ಕುಣಿದದ್ದು ಇದಕ್ಕೇ. ಇದು ಎಷ್ಟು ಜೋರು ಓಡುತ್ತೆ ಅಂತ ನನಗೆ ಗೊತ್ತು. ಕಾಲು ಹೋದ ಮೇಲೆ ಇನ್ನು ಮುಗಿಯಿತು ಅಂದುಕೊಂಡಿದ್ದೆ. ಇಲ್ಲಿಗೆ ಬಂದ ಮೊದಲನೇ ದಿನ ನೀವು ನನ್ನ ಕೋಲು ನೋಡಿ ಹಾಡನ್ನೇ ನಿಧಾನ ಮಾಡಿದಿರಿ. ಇದೊಂದೇ ಅಲ್ಲ, ಎಲ್ಲ ಹಾಡೂ. ಇಷ್ಟು ವರ್ಷ, ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ. ಯಾರು ಮಾಡುತ್ತಾರೆ ಹೀಗೆ?" ಮಿಸೆಸ್ ಪಿಂಟೋ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ಇಲ್ಲ ತಾಯಿ, ಅದು ನಮ್ಮ ಮನೆಯ ಟೇಪ್ ರೆಕಾರ್ಡರಿನ ಗ್ರೀಸು ಎಂದು ಆ ಹೊತ್ತಿನಲ್ಲಿ ಹೇಳುವುದು ನನ್ನಿಂದ ಆಗಲಿಲ್ಲ. ತಲೆ ತಗ್ಗಿಸಿ, "ಏನೋ ನಮ್ಮ ಕೈಲಾದದ್ದು," ಎಂದೆ. ಹಿಂದೆ ಭೋಜನಿಗೆ ಕೆಮ್ಮು ಬಂತು. ಸ್ಟೀಫನ್ ಆ ದಿನ ಮೂರನೆಯ ಸಲ ಶಿಲುಬೆಯ ಗುರುತು ಹಾಕಿಕೊಂಡ. ಆದರೆ ನಿಜ ಹೇಳುತ್ತೇನೆ, ಬಸ್ಸು ಕೆತ್ತಿ ಸೇರುವಷ್ಟರಲ್ಲಿ ನನಗೇ ಅದು ನಂಬಿಕೆಯಾಗಿಬಿಟ್ಟಿತ್ತು. ಗೊತ್ತಿಲ್ಲದೆ ಮಾಡಿದರೂ ಉಪಕಾರ ಉಪಕಾರವೇ ಅಲ್ಲವೇ. ನನ್ನೊಳಗಿನ ಸಮಾಧಾನವೇ ಹಾಡಿಗೆ ಇಳಿದು, ಅದು ಒಬ್ಬ ಕುಂಟುವ ಮನುಷ್ಯನನ್ನು ಕುಣಿಸಿತು ಎಂದು ನನ್ನ ಮೇಲೆ ನನಗೇ ಗೌರವ ಹುಟ್ಟಿತು.

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕೂತು ಗೌರಿಗೆ ಎಲ್ಲವನ್ನೂ ಹೇಳಿದೆ. ಪಿಂಟೋ ಅಂದದ್ದು, ಅವರ ಹೆಂಡತಿಯ ಕಣ್ಣೀರು, ಎಲ್ಲವನ್ನೂ ಸ್ವಲ್ಪ ವಿಸ್ತಾರವಾಗಿಯೇ ಹೇಳಿದೆ. ಆಮೇಲೆ ಉದಾರವಾಗಿ, ಇದರಲ್ಲಿ ನಿನ್ನ ಹಾಡುಪೆಟ್ಟಿಯ ಪಾಲೂ ಇದೆ, ಎದುಮನೆಯ ಚಳಿಗೆ ಅದು ನಿಧಾನವಾಗಿ ತಿರುಗುತ್ತಿತ್ತು, ನಮಗೆ ಯಾರಿಗೂ ಗೊತ್ತಿರಲಿಲ್ಲ ನೋಡು ಎಂದೆ. ಗೌರಿ ಕಾಫಿ ಸೋಸುತ್ತಿದ್ದಳು. ತಲೆ ಎತ್ತದೆ, "ಎಂಗೆ ಗೊತ್ತಿತ್ತು," ಎಂದಳು.

ಎಂಗೆ ಎಂದರೆ ನನಗೆ. ನಾನು ಏನು ಗೊತ್ತಿತ್ತು ಎಂದು ಕೇಳಿದೆ.

"ಒಲೆ ಪಕ್ಕ ಇಟ್ಟರೆ ಪೆಟ್ಟಿ ಓಡುತ್ತೆ. ಎದುಮನೆಯಲ್ಲಿ ಇಟ್ಟರೆ ನಡೆಯುತ್ತೆ. ಮದುವೆಯಾಗಿ ಬಂದ ವರ್ಷವೇ ನೋಡಿದ್ದೆ," ಎಂದಳು. "ಮೊದಲನೇ ದಿನ ನೀವು ಮೂರು ಜನ ಇಲ್ಲಿ ಕೂತು ಅದರ ಹಿಂದೆ ಓಡಿದಿರಲ್ಲ, ಮಣಿ ಅಪ್ಪಾ, ನನಗೆ ಕೇಳೋಕೆ ಆಗಿಲ್ಲೆ. ನಿಮ್ಮ ಉಸಿರು ಸಾಲದು. ಭೋಜನ ಮುಖ ಕೆಂಪಾಗಿತ್ತು. ಪಾಪ, ಹೀಗೇ ಬಿಟ್ಟರೆ ಒಂದು ವಾರದಲ್ಲಿ ಕೈಬಿಟ್ಟು ಮನೆಗೆ ಹೋಗುತ್ತಾರೆ, ನೀವು ಮೂಲೆಯಲ್ಲಿ ಮಂಕಾಗಿ ಕೂರುತ್ತೀರಿ ಅಂತ ಹೊಗೆ ಅಂತ ಸುಳ್ಳು ಹೇಳಿ ಎದುಮನೆಗೆ ಕಳಿಸಿದೆ. ಅಲ್ಲಿ ಪೆಟ್ಟಿಯೂ ನಿಮ್ಮ ನಡಿಗೆಗೆ ಬಂತು." ಕಾಫಿಯ ಲೋಟವನ್ನು ನನ್ನ ಮುಂದೆ ಇಟ್ಟಳು. "ಆ ತಾತನಿಗೂ ಒಳ್ಳೆಯದಾಯಿತಲ್ಲ, ಬಿಡಿ."

ನಾನು ಕಾಫಿ ಕುಡಿದೆ. ಬೇರೆ ಏನು ಮಾಡುವುದು. ರಾತ್ರಿಯಷ್ಟೇ ನನ್ನದಾಗಿದ್ದ ಉಪಕಾರ ಹೀಗೆ ಕಾಫಿ ಆರುವಷ್ಟರಲ್ಲಿ ಕೈ ಬದಲಾಯಿತು. ಮುಂದೆ ಪಿಂಟೋ ದಂಪತಿ ಇರುವ ತನಕ ನಾವು ಆ ಹಾಡನ್ನು ಹಳೆಯ ನಡೆಯಲ್ಲಿ, ಹಳೆಯ ಶ್ರುತಿಯಲ್ಲೇ ಹಾಡಿದೆವು, ಹಾಡುವಾಗ ನಾನು ಯಾವಾಗಿನಂತೆ ಕಣ್ಣು ಮುಚ್ಚುತ್ತಿದ್ದೆ. ಅದು ಬುತ್ತಿ ಕಟ್ಟಿಕೊಂಡು ಹೊರಟವರ ಹಾಡು ಎಂದು ಗೊತ್ತಿದ್ದರೂ ನನಗೆ ಅದರೊಳಗೆ ಸೌಟು ಕೆಳಗಿಡುತ್ತಿರುವ ಒಬ್ಬ ಹೆಂಗಸು ಕಾಣುತ್ತಿದ್ದಳು.

ಈಗಲೂ ಜನ ನನ್ನನ್ನು ಸಮಾಧಾನದ ಮನುಷ್ಯ ಎನ್ನುತ್ತಾರೆ. ಕೇಳಿದರೆ ಸಂತೋಷವಾಗುತ್ತದೆ, ಆದರೆ ಸಂತೋಷಪಡುವ ಮುಂಚೆ ನಾನು ಒಮ್ಮೆ ಸುತ್ತಮುತ್ತ ನೋಡಿ, ಗೌರಿ ನನ್ನನ್ನು ಎಲ್ಲಿ ಕೂರಿಸಿದ್ದಾಳೆಂದು ತಿಳಿದುಕೊಳ್ಳುತ್ತೇನೆ. ಹೆಚ್ಚಾಗಿ ಅದು ಎದುಮನೆಯೇ ಆಗಿರುತ್ತದೆ, ಬಾಗಿಲ ಸಂದಿಯಿಂದ ಗಾಳಿ ಬರುವ ಕಡೆ.